ಬೇಲಿಯ ಹೊರಮೈ

ಬೇಲಿ ಯಾರದೆಂದು ಕೇಳಿದರೆ ಮನೆಯೊಡೆಯನದೆಂದೇ ಎಲ್ಲರೂ ಹೇಳುವರು. ಆದರೆ ಬೇಲಿಗೆ ಎರಡು ಮೈಗಳುಂಟು. ಒಳಮೈ ಮನೆಯೊಡೆಯನದು, ಹೊರಮೈ ಬೀದಿಯಲ್ಲಿ ನಡೆಯುವವನ ಪಾಲಿನದು. ಗುಲಾಬಿ ನಮ್ಮದಾದರೂ ಮುಳ್ಳು ಸಿಕ್ಕಿಕೊಳ್ಳುವುದು ದಾರಿಹೋಕನ ಪಂಚೆಗೆ. ಬೇಲಿಯನ್ನು ಯಾವುದರಿಂದ ಕಟ್ಟಬೇಕೆಂಬ ವಿಷಯದಲ್ಲಿ ಊರಿನ ಆಡಳಿತ ತಲೆಹಾಕುವುದು ಈ ಕಾರಣದಿಂದಲೇ.

ನಮ್ಮ ಹಿರಿಯರಿಗೆ ಕೈಗೆ ಸಿಕ್ಕಿದ್ದೇ ಬೇಲಿ: ಕಳ್ಳಿ, ಕತ್ತಾಳೆ, ಬಿದಿರ ತಟ್ಟಿ, ತೆಂಗಿನ ಗರಿ. ಕಳ್ಳಿಗೆ ನೀರೆರೆಯಬೇಕಾಗಿಲ್ಲ, ಅದನ್ನು ದನ ಮುಟ್ಟುವುದಿಲ್ಲ. ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಗರಿ ತಟ್ಟಿಗಳ ದೋಷ ಬೇರೆ. ಒಂದು ಮನೆಯ ಕಿಡಿಯನ್ನು ಅವು ಮತ್ತೊಂದು ಮನೆಗೆ ಒಯ್ದು ಮುಟ್ಟಿಸುವುವು. ಹುಲ್ಲು, ಎಲೆ, ಚಾಪೆ ಮುಂತಾದ ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ಅನುಮತಿಯಿಲ್ಲದೆ ಬೇಲಿ ಕಟ್ಟಕೂಡದೆಂದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆ ವಿಧಿಸಿದುದು ನ್ಯಾಯವೇ. ಆದರೂ ಒಂದು ಮಾತನ್ನು ಹೇಳದೆ ಇರಲಾರೆವು. ಈ ವಿಧಿಯ ಭಾರ ಬೀಳುವುದು ತಟ್ಟಿಯ ಹೊರತು ಬೇರೇನನ್ನೂ ಕೊಳ್ಳಲಾರದವನ ಮೇಲೆ. ಸಿರಿವಂತನ ಗೋಡೆಯ ನೆತ್ತಿಯಲ್ಲಿ ನೆಟ್ಟ ಗಾಜಿನ ಚೂರು ಹೊತ್ತಿಕೊಳ್ಳುವ ವಸ್ತುವಲ್ಲ!

ಮುಳ್ಳುತಂತಿಯ ಕಥೆಯೂ ಇಂತಹುದೇ. ಅಮೆರಿಕದ ಇಲಿನಾಯ್ ಪ್ರಾಂತದ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮರ ಕಡಿಮೆಯಾದ ಬಯಲುಸೀಮೆಗೆ ಅದು ವರವೇ ಆಯಿತು. ಆದರೆ ಹತ್ತು ವರ್ಷ ಕಳೆಯುವುದರೊಳಗೆ ಟೆಕ್ಸಾಸಿನಲ್ಲಿ ನೀರಿನ ದಾರಿ ತಪ್ಪಿದ ದನಗಾರರು ರಾತ್ರಿ ಹೊತ್ತು ತಂತಿ ಕತ್ತರಿಸತೊಡಗಿದರು. 1884ರಲ್ಲಿ ಅಲ್ಲಿಯ ಶಾಸನಸಭೆ ಬೇಲಿ ಕತ್ತರಿಸುವುದನ್ನು ಘೋರಾಪರಾಧವೆಂದು ಸಾರಬೇಕಾಯಿತು. ಇಂಗ್ಲೆಂಡು ತಂತಿಯನ್ನು ಹೊರಮೈಯಿಂದ ನೋಡಿತು. 1893ರ ಮುಳ್ಳುತಂತಿ ಕಾಯಿದೆಯಂತೆ, ರಸ್ತೆಯ ಅಂಚಿನ ತಂತಿಯಿಂದ ಜನಕ್ಕಾಗಲಿ ಪ್ರಾಣಿಗಳಿಗಾಗಲಿ ಗಾಯವಾಗುವ ಸಂಭವವಿದ್ದರೆ, ಅದನ್ನು ತೆಗೆಯೆಂದು ಸ್ಥಳೀಯ ಸಂಸ್ಥೆ ನೋಟೀಸು ಕೊಡಬಹುದಾಗಿತ್ತು. ಗಾಯವಾಗುವ ತನಕ ಕಾಯಬೇಕಾಗಿರಲಿಲ್ಲವೆಂಬುದೇ ಅದರ ಹಿರಿಮೆ.

ಸಸ್ಯದ ಬೇಲಿಯಾದರೆ ನಿರಪಾಯವೆಂದು ತಿಳಿಯಬೇಡಿರಿ. ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೂವಿನ ಚೆಲುವಿಗಾಗಿಯೂ ಬೇಲಿಗಾಗಿಯೂ ಈ ದೇಶದಲ್ಲಿ ಬೆಳೆಸಿದರು. ಅದರ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದುವು. ಇಂದು ಬಂಡೀಪುರದಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಅದರ ಪೊದೆಯಡಿ ಹುಲ್ಲು ಬೆಳೆಯದು.

ಇಷ್ಟೆಲ್ಲ ಹೇಳುವ ನಾವೇನು ನಿರಪರಾಧಿಗಳೇ? ನಮ್ಮ ಮನೆಯ ಕಾಂಪೌಂಡಿನ ಮೇಲೆ ನಾವೂ ಗಾಜು ನೆಡಿಸಿದ್ದೆವು. ಮೇಸ್ತ್ರಿ ಕೇಳಿದನು, ನಾವು ತಲೆಯಾಡಿಸಿದೆವು. ಅಷ್ಟೇ ನಡೆದ ವಿಚಾರ. ಒಂದು ಸಂಜೆ ಚೆಂಡಿಗಾಗಿ ಗೋಡೆ ಹತ್ತಿದ ಹುಡುಗನೊಬ್ಬನ ಅಂಗೈ ಸೀಳಿತು. ಅವನ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. “ಗೋಡೆ ಹತ್ತಬಾರದೆಂದು ಎಷ್ಟು ಸಲ ಹೇಳಿದ್ದೆ!” ಎಂದು ಮಗನನ್ನೇ ಗದರಿದಳು. ಅದು ನಮಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಕಿತು. ಕಳ್ಳನಿಗೆಂದು ಇಟ್ಟ ಗಾಜು ಅಷ್ಟು ವರ್ಷಗಳಲ್ಲಿ ಒಬ್ಬ ಕಳ್ಳನನ್ನೂ ಕಂಡಿರಲಿಲ್ಲ.

ಮರುದಿನ ಅದೇ ಮೇಸ್ತ್ರಿಯನ್ನು ಕರೆಯಿಸಿ ಗಾಜನ್ನೆಲ್ಲ ಒಡೆದು ತೆಗೆಸಿದೆವು. ಹಾಕುವುದಕ್ಕಿಂತ ತೆಗೆಯುವುದಕ್ಕೆ ಕೂಲಿ ಹೆಚ್ಚಾಯಿತು. ಚೆಂಡು ಈಗಲೂ ಒಳಗೆ ಬೀಳುತ್ತದೆ. ಹುಡುಗರು ಗೇಟಿನಿಂದ ಬರುವುದಿಲ್ಲ, ಗೋಡೆಯನ್ನೇ ಹತ್ತುತ್ತಾರೆ.