ಶಾಲೆಗೆ ಬೀಗ ಹಾಕಿದ ಕೌಂಟಿ



ವರ್ಜೀನಿಯಾದ ಫಾರ್ಮ್‌ವಿಲ್ ಸಣ್ಣ ಊರು. ಕಪ್ಪು ಜನಾಂಗದ ಮಕ್ಕಳಿಗೆಂದು 1939ರಲ್ಲಿ ಅಲ್ಲಿ ಕಟ್ಟಿದ ಮೋಟನ್ ಹೈಸ್ಕೂಲಿನಲ್ಲಿ 180 ವಿದ್ಯಾರ್ಥಿಗಳಿಗಷ್ಟೇ ಸ್ಥಳವಿತ್ತು. 1951ರ ವೇಳೆಗೆ ಮಕ್ಕಳು 450ಕ್ಕೂ ಹೆಚ್ಚಾದರು. ಆಡಳಿತ ಹೊಸ ಕಟ್ಟಡ ಕೊಡಲಿಲ್ಲ. ಟಾರು ಕಾಗದ ಹೊದಿಸಿದ ಷೆಡ್ಡುಗಳನ್ನು ನಿಲ್ಲಿಸಿತು. ಮಳೆ ಬಂದರೆ ಅವು ಸೋರುತ್ತಿದ್ದವು. ಆ ವರ್ಷದ ಏಪ್ರಿಲ್ 23ರಂದು, 16 ವರ್ಷದ ಬಾರ್ಬರಾ ಜಾನ್ಸ್ ಮುಂದಾಳಾಗಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು.

ಅವರ ದಾವೆ 1954ರ ಬ್ರೌನ್ ತೀರ್ಪಿನಲ್ಲಿ ಸೇರಿದ ಐದು ಪ್ರಕರಣಗಳಲ್ಲೊಂದು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣ ನೋಡಿ ಬೇರ್ಪಡಿಸುವುದು ಸಂವಿಧಾನಬಾಹಿರವೆಂದಾಯಿತು. ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು ಗೊತ್ತೆ? ಎಲ್ಲರನ್ನೂ ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡವೆಂದು 1959ರಲ್ಲಿ ತನ್ನ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿತು. ಬಿಳಿಯರು ತಮ್ಮ ಮಕ್ಕಳಿಗೆ ಖಾಸಗಿ ಅಕಾಡೆಮಿ ತೆರೆದರು. ಅದಕ್ಕೆ ಬೋಧನಾ ಶುಲ್ಕದ ಅನುದಾನವೂ ತೆರಿಗೆ ರಿಯಾಯಿತಿಯೂ ದೊರೆತವು. 1964ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ ಸರ್ಕಾರಿ ಶಾಲೆಗಳ ಬೀಗ ತೆಗೆಯಲಿಲ್ಲ.

ವರ್ಜೀನಿಯಾ ಆ ಅನುದಾನವನ್ನು ಸಮರ್ಥಿಸಿಕೊಂಡದ್ದು ‘ಆಯ್ಕೆಯ ಸ್ವಾತಂತ್ರ್ಯ’ ಎಂಬ ಮಾತಿನಿಂದ. ಇಂದು ನಮ್ಮವರ ಕೂಟಗಳಲ್ಲಿಯೂ ವೌಚರಿನ ಪರವಾಗಿ ಅದೇ ಮಾತು ಕೇಳಿಬರುತ್ತದೆ: ನಮ್ಮ ತೆರಿಗೆ, ನಮ್ಮ ಮಗು, ನಮ್ಮ ಆಯ್ಕೆ. ವೌಚರು ಬಯಸುವವರೆಲ್ಲ ಜನಾಂಗದ್ವೇಷಿಗಳೆಂದು ನಾನು ಹೇಳಲಾರೆ. ಆದರೆ ಮುಂದಿನ ಚುನಾವಣೆಯಲ್ಲಿ ಮತ ಕೇಳಿ ಬರುವವರನ್ನು ದಯವಿಟ್ಟು ವಿಚಾರಿಸಿ: ಆ ಹಣ ಹೊರಟುಹೋದ ಮೇಲೆ ಸರ್ಕಾರಿ ಹೈಸ್ಕೂಲಿನಲ್ಲೇ ಉಳಿಯುವ ಮಗುವಿಗೆ ನೀವು ಏನು ಕೊಡುತ್ತೀರಿ?