ಸೋತ ಔಷಧಿ ಕಲಿಸಿದ ಪಾಠ



ಈ ಶಾಲೆಯ ಪ್ರಯೋಗಾಲಯದಲ್ಲಿ ನಾನು ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದು ಈರುಳ್ಳಿ ಪೊರೆಯ ಜೀವಕೋಶಗಳನ್ನು. ಇಂದು ರೋಗ ಬಂದ ಮೀನುಗಳ ಬ್ಯಾಕ್ಟೀರಿಯಾ ಪರೀಕ್ಷಿಸುವುದೇ ನನ್ನ ಕೆಲಸ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ರೈತರೊಬ್ಬರು ತಮ್ಮ ಹೊಂಡದ ಕಾಟ್ಲಾ ಮೀನುಗಳನ್ನು ತಂದರು. ಮೈಮೇಲೆ ಕೆಂಪು ಹುಣ್ಣು, ಹೊಟ್ಟೆ ಊದಿತ್ತು. ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರಬೇಕೆಂದು ಊಹಿಸಿದೆ. ಪರೀಕ್ಷೆಗೆ ಕಾಯದೆ, ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಮೇವಿನಲ್ಲಿ ಬೆರೆಸಿ ಹಾಕಿ ಎಂದುಬಿಟ್ಟೆ. ಕೆಲವೇ ದಿನಗಳಲ್ಲಿ ಅವರು ಮರಳಿ ಬಂದು, "ಔಷಧಿ ದುಡ್ಡೂ ಹೋಯ್ತು, ಮೀನೂ ಹೋಯ್ತು ಸ್ವಾಮಿ" ಎಂದರು.

ಆಮೇಲೆ ಪರೀಕ್ಷೆ ಮಾಡಿದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಔಷಧಿ ಹೀರಿದ ಕಾಗದದ ಬಿಲ್ಲೆ ಇಡುತ್ತೇವೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಅಲ್ಲಿ ವೃತ್ತವೇ ಇರಲಿಲ್ಲ. ವಿಚಾರಿಸಿದರೆ, ರೋಗ ಬಾರದಿರಲೆಂದು ಅವರು ತಿಂಗಳುಗಟ್ಟಲೆ ಅದೇ ಔಷಧಿಯನ್ನು ಸ್ವಲ್ಪಸ್ವಲ್ಪವೇ ಹಾಕುತ್ತಿದ್ದರು. ಮೊದಲ ದಿನವೇ ನಾನು ಕೇಳಬೇಕಿತ್ತು.

ಹೀಗೇಕಾಗುತ್ತದೆ? ರೋಗ ಬಂದ ಮೀನು ಮೇವು ಮುಟ್ಟುವುದೇ ಕಡಿಮೆ. ತಿನ್ನದೆ ಉಳಿದ ಔಷಧಿ ಹೊಂಡದ ಕೆಸರು ಸೇರುತ್ತದೆ. ತಿಂದದ್ದರಲ್ಲೂ ಬಹುಪಾಲು ಮಲದೊಂದಿಗೆ ಹೊರಬರುತ್ತದೆ. ಅಲ್ಲಿ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ. ಔಷಧಿಯನ್ನು ತಡೆದುಕೊಳ್ಳಬಲ್ಲವು ಉಳಿದು ಹೆಚ್ಚುತ್ತವೆ. ಈ ಶಕ್ತಿಯ ಜೀನ್‌ಗಳು ಹಲವು ಬಾರಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದಲ್ಲಿರುತ್ತವೆ. ಅದು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಮನುಷ್ಯರಿಗೆ ರೋಗ ತರುವವುಗಳಿಗೂ ದಾಟಬಲ್ಲದು. ಚೆನ್ನಾಗಿ ಬೇಯಿಸಿದ ಮೀನಿನಲ್ಲಿ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಹೆದರಬೇಡಿ. ಆದರೆ ಗಾಯವಾದ ಕೈಯಲ್ಲಿ ಮೀನು ಹೆಚ್ಚುವವರಿಗೆ, ಹೊಂಡದ ನೀರಿಗಿಳಿಯುವವರಿಗೆ ಅಪಾಯವಿದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ನಮಗೂ ಬೇಕಾದವೇ ಅಲ್ಲವೇ?

ದಾರಿ ಇಲ್ಲವೆಂದಲ್ಲ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ 1987ರಲ್ಲಿ ಸುಮಾರು 50 ಟನ್ ಆ್ಯಂಟಿಬಯೋಟಿಕ್ ಬಳಸಿದ್ದರು. ಮೀನುಗಳಿಗೆ ಲಸಿಕೆ ಹಾಕತೊಡಗಿದರು, ಸಾಕಣೆಯ ಕ್ರಮ ಸುಧಾರಿಸಿದರು. ಉತ್ಪಾದನೆ ಹಲವು ಪಟ್ಟು ಬೆಳೆದರೂ ಈಚಿನ ವರ್ಷಗಳಲ್ಲಿ ಬಳಕೆ ಒಂದು ಟನ್ನಿಗೂ ಕಡಿಮೆ. ನಮ್ಮ ಹೊಂಡಗಳಲ್ಲೂ ಮರಿಗಳನ್ನು ಕಿಕ್ಕಿರಿದು ಬಿಡದಿರುವುದು, ಮೇವು ಮಿತವಾಗಿ ಹಾಕುವುದು, ನೀರು ನೋಡಿ ಸುಣ್ಣ ಹಾಕುವುದು, ಸತ್ತ ಮೀನನ್ನು ಕೂಡಲೇ ತೆಗೆದು ಹೂಳುವುದು ಅರ್ಧ ರೋಗವನ್ನು ದೂರವಿಡುತ್ತವೆ.

ಮಕ್ಕಳೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಕೃಷಿಹೊಂಡವಿದೆ. ಮೀನು ಸತ್ತರೆ ಅಂಗಡಿಗೆ ಓಡುವ ಮೊದಲು ಪರೀಕ್ಷೆ ಮಾಡಿಸಲು ಅಪ್ಪನಿಗೆ ಹೇಳಿ. ನಿಮಗೆ ಜ್ವರ ಬಂದಾಗಲೂ ಉಳಿದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಆ ರೈತರು ಮರುವರ್ಷ ಮತ್ತೆ ಮರಿ ಬಿಟ್ಟರು. ಈ ಸಲ ಮೊದಲು ನೀರಿನ ಬಾಟಲಿ ಹಿಡಿದು ನನ್ನ ಬಳಿ ಬಂದರು.

ಕಣ್ಣಿಟ್ಟು ನೋಡುವುದನ್ನು ಕಲಿಸಿದ ಈ ಶಾಲೆಗೆ ನಮಸ್ಕಾರ.