ಕಡಲ್ಗಳ್ಳನ ಮನೆಯ ಊಟದಂಗಡಿ

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕಡಲತಡಿಯಲ್ಲಿ ನ್ಯೂಪೋರ್ಟ್ ಎಂಬ ಸಣ್ಣ ಊರಿದೆ. ಅಲ್ಲಿ ಮಾರ್ಲ್‌ಬರೊ ಬೀದಿಯೂ ಫೇರ್‌ವೆಲ್ ಬೀದಿಯೂ ಕೂಡುವ ಮೂಲೆಯಲ್ಲಿ ಹಲಗೆ ಹೊದಿಸಿದ ಹಳೆಯ ಮನೆಯೊಂದಿದೆ. ಅದೇ ವೈಟ್ ಹಾರ್ಸ್ ಟ್ಯಾವರ್ನ್. ಫೇರ್‌ವೆಲ್ ಎಂದರೆ ವಿದಾಯ. ಆ ಬೀದಿ ಹಿಡಿದು ನಡೆದರೆ ಊರಿನ ಹಳೆಯ ಸ್ಮಶಾನ ಸಿಗುತ್ತದೆ. ಕುಡಿದು ಹೊರಟವರಿಗೆ ಬೇರೆ ಎಚ್ಚರಿಕೆ ಬೇಕೆ?

1652ರಲ್ಲಿ ವಾಸಕ್ಕೆಂದು ಕಟ್ಟಿದ ಮನೆಯಿದು. 1673ರಲ್ಲಿ ವಿಲಿಯಂ ಮೇಯ್ಸ್ ಎಂಬಾತ ಇದನ್ನು ಕೊಂಡು ಟ್ಯಾವರ್ನ್ ಮಾಡಿದ. ಟ್ಯಾವರ್ನ್ ಎಂದೊಡನೆ ಹೆಂಡದ ಗಡಂಗನ್ನಷ್ಟೇ ನೆನೆಯಬಾರದು, ಕೇಳುಗರೆ. ಅಲ್ಲಿ ಕುಡಿತದ ಜೊತೆಗೆ ಊಟವಿತ್ತು, ಊರ ಸುದ್ದಿಯಿತ್ತು. ಸರಿಯಾದ ಸಭಾಭವನವಿಲ್ಲದ ಕಾಲದಲ್ಲಿ ವಸಾಹತಿನ ಶಾಸನಸಭೆಯೂ ನ್ಯಾಯಾಲಯವೂ ಇದೇ ಸೂರಿನಡಿ ಕೂಡುತ್ತಿದ್ದವು.

ಮೇಯ್ಸನ ಮಗನ ಹೆಸರೂ ವಿಲಿಯಂ. ಅವನ ಕಸುಬು ಮಾತ್ರ ಕಡಲ್ಗಳ್ಳತನ! 1695ರಲ್ಲಿ ಹೆನ್ರಿ ಎವೆರಿಯ ತಂಡ, ಮೆಕ್ಕಾ ಯಾತ್ರಿಕರೊಡನೆ ಸೂರತ್ತಿಗೆ ಮರಳುತ್ತಿದ್ದ ಔರಂಗಜೇಬನ ಗಂಜ್-ಇ-ಸವಾಯ್ ಹಡಗನ್ನು ಸೂರೆಮಾಡಿತು. ಆ ವರ್ಷ ಎವೆರಿಯನ್ನು ಕೂಡಿಕೊಂಡ ಹಡಗುಗಳಲ್ಲಿ ಮೇಯ್ಸನ ಪರ್ಲ್ ಕೂಡ ಒಂದು. ಸೂರೆಯ ಫಲವಾಗಿ ಸೂರತ್ತಿನ ಇಂಗ್ಲಿಷ್ ವ್ಯಾಪಾರಿಗಳು ಸೆರೆಮನೆ ಕಂಡರು. ಮೇಯ್ಸನೋ ಊರಿಗೆ ಮರಳಿ, 1702ರಲ್ಲಿ ಮದ್ಯ ಮಾರುವ ಪರವಾನಗಿಯನ್ನೇ ಪಡೆದ. ಊರವರು ಅವನನ್ನು ದೂರವಿಡಲಿಲ್ಲ.

ಆಮೇಲೆ ಟ್ಯಾವರ್ನ್ ಅವನ ಸೋದರಿ ಮೇರಿ ಮತ್ತು ಆಕೆಯ ಗಂಡ ರಾಬರ್ಟ್ ನಿಕೋಲ್ಸ್ ಕೈಗೆ ಬಂತು. 1730ರಲ್ಲಿ ಜೊನಾಥನ್ ನಿಕೋಲ್ಸ್ 'ಬಿಳಿ ಕುದುರೆ'ಯ ಹೆಸರಿಟ್ಟ.

ಊರಿನ ಸಿರಿಯ ಮೂಲವನ್ನೂ ಹೇಳಬೇಕು. 18ನೆಯ ಶತಮಾನದ ನಡುವೆ ನ್ಯೂಪೋರ್ಟಿನಲ್ಲಿ ಸುಮಾರು ಇಪ್ಪತ್ತೆರಡು ರಮ್ ಭಟ್ಟಿಗಳಿದ್ದವು. ಕೆರಿಬಿಯನ್ ದ್ವೀಪಗಳಿಂದ ಕಾಕಂಬಿ ಬರುತ್ತಿತ್ತು, ಇಲ್ಲಿ ರಮ್ ಆಗುತ್ತಿತ್ತು. ಆ ರಮ್ ಆಫ್ರಿಕದ ತೀರ ಮುಟ್ಟಿ ಮನುಷ್ಯರಿಗೆ ಬೆಲೆಯಾಗುತ್ತಿತ್ತು. ಹಾಗೆ ಕೊಂಡ ಗುಲಾಮರನ್ನು ಮತ್ತೆ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. ಆ ಕಾಲದಲ್ಲಿ ಇಲ್ಲಿ ಕುಳಿತು ಬಟ್ಟಲೆತ್ತಿದವರು ಈ ವ್ಯಾಪಾರದ ಹೊರಗಿದ್ದರೆನ್ನುವುದು ಕಷ್ಟ.

ಸ್ವಾತಂತ್ರ್ಯ ಸಮರದಲ್ಲಿ, 1776ರ ಡಿಸೆಂಬರಿನಲ್ಲಿ, ಬ್ರಿಟಿಷರು ಊರನ್ನು ಹಿಡಿದರು. ಅವರ ಜರ್ಮನ್ ಬಾಡಿಗೆ ಸೈನಿಕರು ಮನೆಗೆ ನುಗ್ಗಿದಾಗ, ಅವರೊಡನೆ ಒಂದೇ ಸೂರಿನಡಿ ಇರಲೊಲ್ಲದ ವಾಲ್ಟರ್ ನಿಕೋಲ್ಸ್ ಸಂಸಾರಸಮೇತ ಹೊರನಡೆದ. ಮರಳಿ ಬಂದು ಮನೆ ಹಿಗ್ಗಿಸಿ, ಎರಡು ಮಡಿಕೆಯ ಮಾಡು ಹಾಕಿಸಿದ.

19ನೆಯ ಶತಮಾನದ ಕೊನೆಗೆ ಮನೆ ನಿಕೋಲ್ಸ್ ವಂಶದ ಕೈತಪ್ಪಿ, ಬಾಡಿಗೆ ಕೋಣೆಗಳ ವಸತಿಯಾಗಿ ಸೊರಗಿತು. 1950ರ ದಶಕದಲ್ಲಿ ನ್ಯೂಪೋರ್ಟಿನ ಸ್ಮಾರಕ ರಕ್ಷಣಾ ಸಂಘ, ವಾನ್ ಬ್ಯೂರೆನ್ ಕುಟುಂಬದ ನೆರವಿನಿಂದ, ಅದನ್ನು ಕೊಂಡು ದುರಸ್ತಿ ಮಾಡಿಸಿತು. 1957ರಲ್ಲಿ ಆ ಹಳೆಯ ತೊಲೆಗಳ ಕೆಳಗೆ ಮತ್ತೆ ಊಟ ಬಡಿಸತೊಡಗಿದರು.